ಬೆನ್ನಿಗೆ ಅಂಟಿದ ಡಬ್ಬಿ

ನಮ್ಮ ಕಂಪನಿ ಅಂದ್ರೆ ಎರಡೂವರೆ ಜನ. ನಾನು, ಪ್ರಸಾದ, ಮತ್ತೆ ವಾರಕ್ಕೆ ಮೂರು ದಿನ ಬರೋ ಒಬ್ಬ ಡಿಪ್ಲೊಮಾ ಹುಡುಗ. ರಾಜಾಜಿನಗರದಲ್ಲಿ ಪ್ರಸಾದನ ಸೋದರಮಾವನ ಮನೆ ಕಾರ್ ಶೆಡ್ಡೇ ನಮ್ಮ ಫ್ಯಾಕ್ಟರಿ. ಒಂದು ಕಡೆ ಮಾವನ ಸ್ಕೂಟರ್, ಇನ್ನೊಂದು ಕಡೆ ನಮ್ಮ ಟೇಬಲ್ಲು. ಮಳೆ ಬಂದ್ರೆ ಎರಡನ್ನೂ ಒಳಗೆ ಎಳ್ಕೋಬೇಕು.

ಹೋದ ವರ್ಷ ಶ್ರಾವಣದಲ್ಲಿ ತಿಪಟೂರಿನ ನಮ್ಮ ಡೀಲರ್ ಫೋನ್ ಮಾಡಿದರು. ಅವರು ಯಾವತ್ತೂ ಬೆಳಗ್ಗೆ ಎಂಟಕ್ಕೆ ಫೋನ್ ಮಾಡೋರಲ್ಲ.

"ಮೇಡಂ, ಬೇಜಾರು ಮಾಡ್ಕೋಬೇಡಿ. ಹೊಸ ತಕ್ಕಡೀಲಿ ಬ್ಲೂಟೂತ್ ಒಳಗೇ ಬರ್ತಿದೆ. ಇನ್ನು ನಿಮ್ಮ ಡಬ್ಬಿ ಯಾರು ತಗೋತಾರೆ?"

ನಮ್ಮ ಡಬ್ಬಿ ಏನು ಅಂತ ಹೇಳಿಬಿಡ್ತೀನಿ. ಅಂಗಡಿಗಳಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ನೋಡಿರ್ತೀರಿ. ಅದಕ್ಕೆ ಸರ್ಕಾರದ ಸೀಲ್ ಇರುತ್ತೆ, ಬಿಚ್ಚೋ ಹಾಗಿಲ್ಲ. ಆದರೆ ತುಂಬಾ ತಕ್ಕಡಿಗಳ ಬೆನ್ನಿಗೆ ಒಂದು ಪೋರ್ಟ್ ಇರುತ್ತೆ. ಹೆಚ್ಚಿನ ಅಂಗಡಿಯವರು ಅದನ್ನ ಜೀವಮಾನದಲ್ಲಿ ಒಂದು ಸಲವೂ ಮುಟ್ಟಿರಲ್ಲ. ನಮ್ಮ ಡಬ್ಬಿ ಆ ಪೋರ್ಟಿಗೆ ಕಚ್ಚಿಕೊಳ್ಳುತ್ತೆ. ತೂಕವನ್ನ ಫೋನಿಗೆ ಕಳಿಸುತ್ತೆ, ಪುಟ್ಟ ಪ್ರಿಂಟರಿನಲ್ಲಿ ಕನ್ನಡದಲ್ಲಿ ಒಂದು ಚೀಟಿ ಬರುತ್ತೆ: ಹೆಸರು, ತಾರೀಖು, ಚೀಲ ಎಷ್ಟು, ತೂಕ ಎಷ್ಟು, ದುಡ್ಡು ಎಷ್ಟು. ಅಷ್ಟೇ. ತಿಪಟೂರು ಸೀಮೆಯಲ್ಲಿ ಹಳ್ಳಿ ಮಟ್ಟದಲ್ಲಿ ಕೊಬ್ಬರಿ ಕೊಳ್ಳುವ ಅಂಗಡಿಯವರಿಗೆ ಮಾರ್ತಿದ್ವಿ.

ಇದಕ್ಕೆ ನಾನು ಹಾಕಿದ ಬಂಡವಾಳದಲ್ಲಿ ಅಮ್ಮನ ನಾಲ್ಕು ಬಳೆ ಸೇರಿತ್ತು. ಬ್ಯಾಂಕಿನಲ್ಲಿ ಇಟ್ಟಿದ್ದವು. "ನಿನ್ನ ಮದುವೆಗೆ ಅಂತ ಇಟ್ಟಿದ್ದೆ, ಇದೂ ಒಂದು ಮದುವೇನೇ ಬಿಡು" ಅಂತ ನಗುತ್ತಾ ಕೊಟ್ಟಿದ್ದಳು. ಡೀಲರ್ ಫೋನ್ ಇಟ್ಟ ಮೇಲೆ ನನಗೆ ಮೊದಲು ನೆನಪಾಗಿದ್ದು ಆ ನಗು. ಎರಡನೆಯದು, ಸೌತಾಂಪ್ಟನ್‌ನ ಒಂದು ಅಟ್ಟ.

2018ರಲ್ಲಿ ನಾನಿನ್ನೂ ಐಟಿ ಕೆಲಸದಲ್ಲಿದ್ದೆ. ಆನ್‌ಸೈಟ್ ಅಂತ ಎಂಟು ತಿಂಗಳು ಇಂಗ್ಲೆಂಡಿನ ಸೌತಾಂಪ್ಟನ್‌ಗೆ ಕಳಿಸಿದ್ದರು. ಬಂದರು ಊರು. ಮನೆ ಮಾಲೀಕರು ಬಂದರಿನಲ್ಲೇ ಎಲೆಕ್ಟ್ರಿಷಿಯನ್ ಆಗಿದ್ದು ರಿಟೈರ್ ಆದ ಅಜ್ಜ. ಒಂದು ಶನಿವಾರ ಅವರು ಅಟ್ಟ ಖಾಲಿ ಮಾಡ್ತಿದ್ದರು, ಏಣಿ ಹಿಡ್ಕೊಳ್ಳೋಕೆ ನಾನು. ನಮ್ಮೂರ ಕಡೆ ಅಟ್ಟ ಅಂದ್ರೆ ಕೊಬ್ಬರಿ. ಅಲ್ಲಿ ಅಟ್ಟದಿಂದ ಇಳಿದದ್ದು ಒಂದು ಕಪ್ಪು ಕಂಪ್ಯೂಟರ್. ನಮ್ಮ ಮಗ್ಗಿ ಪುಸ್ತಕಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಕೀಗಳೇ ಇಲ್ಲ, ಪ್ಲಾಸ್ಟಿಕ್ ಹಾಳೆ ಮೇಲೆ ಅಕ್ಷರ ಅಚ್ಚು ಹಾಕಿದ್ದರು. ಬೆನ್ನಿಗೆ ಒಂದು ಡಬ್ಬಿ, ಡಬ್ಬಿ ಅಲ್ಲಾಡದ ಹಾಗೆ ಗೋಡೆಗೆ ಪೋಸ್ಟರ್ ಅಂಟಿಸೋ ನೀಲಿ ಮೇಣದ ಉಂಡೆ. ಮೇಣ ಕಲ್ಲಾಗಿತ್ತು.

"ಮೂರು ಗಂಟೆ ಕೂತು ಟೈಪ್ ಮಾಡಿರ್ತಿದ್ದೆ" ಅಂದರು ಅಜ್ಜ. "ಹೆಂಡತಿ ಟೀ ಲೋಟ ಟೇಬಲ್ ಮೇಲೆ ಇಟ್ಟಳು ಅಂದ್ರೆ ಡಬ್ಬಿ ಒಂದು ಕೂದಲೆಳೆ ಅಲ್ಲಾಡೋದು. ಎಲ್ಲ ಹೋಯ್ತು!"

ಅದರ ಜೊತೆ ರಟ್ಟಿನ ಪೆಟ್ಟಿಗೆಯಲ್ಲಿ ಇನ್ನೊಂದು ಬರೀ ಬೋರ್ಡ್ ಇತ್ತು. ಡಬ್ಬಿ ಇಲ್ಲ, ಕವಚ ಇಲ್ಲ. "ಇದು ನಮ್ಮೂರಿನ ಹುಡುಗರದ್ದು. ಕ್ವಿಕ್‌ಸಿಲ್ವಾ. ಇಲ್ಲೇ ಇದ್ದರು" ಅಂತ ಅಜ್ಜ ಹೆಮ್ಮೆಯಿಂದ ಹೇಳಿದರು, ನಮ್ಮ ಕಡೆ 'ಅವನು ನಮ್ಮೂರ ಹುಡುಗ, ಈಗ ಕ್ರಿಕೆಟ್ ಆಡ್ತಾನೆ' ಅಂತಾರಲ್ಲ ಆ ಥರ. ನಾನು ಹೂಂಗುಟ್ಟಿ ಏಣಿ ಹಿಡ್ಕೊಂಡೆ. ಆಗ ಅದು ನನಗೆ ಬರೀ ಹಳೇ ಸಾಮಾನು.

ಡೀಲರ್ ಫೋನ್ ಬಂದ ರಾತ್ರಿ ನಿದ್ದೆ ಬರಲಿಲ್ಲ. ಫೋನ್ ತೆಗೆದು ಆ ಹೆಸರು ಹುಡುಕಿದೆ. ಒಂದರಿಂದ ಇನ್ನೊಂದು, ಹಳೇ ಪತ್ರಿಕೆಗಳ ಸ್ಕ್ಯಾನ್ ಪುಟಗಳು, ಕಪ್ಪು ಬಿಳುಪು ಜಾಹೀರಾತುಗಳು. ಓದ್ತಾ ಓದ್ತಾ ಹಾಲಿನವನು ಬಂದ.

ಕತೆ ಇಷ್ಟು. 1980ರಲ್ಲಿ ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರ್ ಅವರ ಕಂಪನಿ ಝಡ್‌ಎಕ್ಸ್80 ಅನ್ನೋ ಪುಟ್ಟ ಕಂಪ್ಯೂಟರ್ ತಂದಿತು. ಬೆಲೆ ನೂರು ಪೌಂಡಿಗೆ ಐದೇ ಪೆನ್ಸ್ ಕಮ್ಮಿ. ಮರುವರ್ಷ ಮಾರ್ಚಿನಲ್ಲಿ ಝಡ್‌ಎಕ್ಸ್81. ಇದು 69.95 ಪೌಂಡ್. 'ಬಿಡಿಭಾಗ ಕೊಡಿ, ನಾವೇ ಬೆಸುಗೆ ಹಾಕ್ಕೋತೀವಿ' ಅನ್ನೋರಿಗೆ 49.95. ಕಂಪ್ಯೂಟರ್ ಅಂದ್ರೆ ಆಫೀಸಿನ ಎಸಿ ರೂಮಿನಲ್ಲಿ ಇರೋದು ಅಂತಿದ್ದ ಕಾಲದಲ್ಲಿ, ಮನೆಯ ಟೀವಿಗೆ ಚುಚ್ಚೋ ಕಂಪ್ಯೂಟರ್ ಆ ಬೆಲೆಗೆ! ಹದಿನೈದು ಲಕ್ಷಕ್ಕೂ ಹೆಚ್ಚು ಮಾರಾಟವಾದವು.

ಆದರೆ ಆ ಬೆಲೆಗೆ ಬರಬೇಕು ಅಂದ್ರೆ ಏನೇನೋ ಬಿಡಬೇಕಲ್ಲ. ಬಣ್ಣ ಇಲ್ಲ. ಶಬ್ದ ಇಲ್ಲ. ಸರಿಯಾದ ಕೀಬೋರ್ಡ್ ಇಲ್ಲ. ಮೆಮೊರಿ 1 ಕಿಲೋಬೈಟ್. ನಿಮ್ಮ ಫ್ಯಾಮಿಲಿ ಗ್ರೂಪಿಗೆ ದಿನಾ ಬೆಳಗ್ಗೆ ಬರೋ ಗುಲಾಬಿ ಹೂವಿನ ಶುಭೋದಯ ಇದೆಯಲ್ಲ, ಅದರ ಒಂದು ಎಲೆ ಕೂಡ ಅಷ್ಟು ಮೆಮೊರಿಯಲ್ಲಿ ಹಿಡಿಯಲ್ಲ.

ಹಾಗಂತ ಸಿಂಕ್ಲೇರ್ ಅವರು ಒಂದು ಬಾಗಿಲು ಬಿಟ್ಟಿದ್ದರು. ಕಂಪ್ಯೂಟರಿನ ಬೆನ್ನಲ್ಲಿ ಒಳಗಿನ ಬೋರ್ಡಿನ ಅಂಚು ಹಾಗೇ ಹೊರಗೆ ಕಾಣ್ತಿತ್ತು. ಅದಕ್ಕೆ ಯಾರು ಬೇಕಾದರೂ ಏನು ಬೇಕಾದರೂ ಕಚ್ಚಿಸಬಹುದು. ಅಜ್ಜ ಹೇಳಿದ ಅಲ್ಲಾಡೋ ಡಬ್ಬಿ ಸಿಂಕ್ಲೇರ್ ಕಂಪನಿಯದ್ದೇ ಮೆಮೊರಿ ಡಬ್ಬಿ. ಅದನ್ನ ಬಿಟ್ಟು ಇನ್ನೂ ನೂರೆಂಟು ಕೊರತೆ ಇದ್ದವು. ದೇಶದ ತುಂಬ ಬೆಸುಗೆ ಕಡ್ಡಿ ಹಿಡಿಯೋಕೆ ಬರ್ತಿದ್ದ ಹುಡುಗರೆಲ್ಲ ಆ ಬೆನ್ನಿನ ಹಿಂದೆ ಬಿದ್ದರು. ಒಬ್ಬರು ಕೀಬೋರ್ಡ್ ಮಾಡಿದರು, ಒಬ್ಬರು ಮೆಮೊರಿ ಮಾಡಿದರು. ಊರೂರಲ್ಲಿ ಸಣ್ಣ ಸಣ್ಣ ಕಂಪನಿ ಎದ್ದವು. ಪತ್ರಿಕೆಯಲ್ಲಿ ಜಾಹೀರಾತು, ಅಂಚೆಯಲ್ಲಿ ಚೆಕ್ಕು, ಅಂಚೆಯಲ್ಲೇ ಮಾಲು.

ಸೌತಾಂಪ್ಟನ್‌ನ ನಿಕ್ ಲ್ಯಾಂಬರ್ಟ್ ಅಂಥವರಲ್ಲಿ ಒಬ್ಬರು. ಅವರು ಮೆಮೊರಿ ಬೋರ್ಡ್ ಮಾಡಿದರು. ಆಮೇಲೆ ಶಬ್ದ ಬರೋ ಬೋರ್ಡ್, ಅಕ್ಷರಗಳ ಆಕಾರವನ್ನೇ ಬದಲಾಯಿಸಿ ಚಿತ್ರ ಮಾಡೋ ಬೋರ್ಡ್. ಇಷ್ಟೆಲ್ಲ ಬೋರ್ಡ್ ಒಂದೇ ಬೆನ್ನಿಗೆ ಹೇಗೆ ಕಚ್ಚಿಸೋದು? ಅದಕ್ಕೆ ಒಂದು ಮದರ್‌ಬೋರ್ಡ್. ಮಾರ್ಕ್ ಐಲ್ಸ್ ಅನ್ನೋರು ಜೊತೆಗೆ ಸೇರಿದರು. ಕಂಪನಿ ಹೆಸರು ಕ್ವಿಕ್‌ಸಿಲ್ವಾ, ಅಂದ್ರೆ ಪಾದರಸ. ಕಾಗುಣಿತ ಮಾತ್ರ ಬೇಕಂತಲೇ ತಪ್ಪು.

ಇಲ್ಲಿಗೆ ಬಂದಾಗ ನಾನು ಹಾಸಿಗೆಯಲ್ಲಿ ಎದ್ದು ಕೂತೆ. ಏಕೆಂದರೆ ಬೋರ್ಡ್ ಕೊಂಡವರು ಅದನ್ನ ಇಟ್ಕೊಂಡು ಏನು ಮಾಡಬೇಕು? ಶಬ್ದ ಬರುತ್ತೆ, ಸರಿ, ಯಾವ ಶಬ್ದ? ಅದಕ್ಕೇ ಲ್ಯಾಂಬರ್ಟ್ ಆಟಗಳನ್ನೂ ಬರೆದರು. ಆಗ ಆಟದಂಗಡಿಗಳಲ್ಲಿ ನಾಣ್ಯ ಹಾಕಿ ಆಡ್ತಿದ್ದ 'ಡಿಫೆಂಡರ್'ನ ಥರದ್ದೇ ಒಂದು ಆಟ, ಝಡ್‌ಎಕ್ಸ್81ಗೆ. ಬೋರ್ಡ್ ಇದ್ದರೆ ಅದು ಇನ್ನೂ ಚಂದ. ಆಟ ಬೋರ್ಡನ್ನ ಮಾರ್ತು, ಬೋರ್ಡ್ ಆಟವನ್ನ ಮಾರ್ತು.

ಆಮೇಲೆ 1982ರ ಏಪ್ರಿಲ್. ಸಿಂಕ್ಲೇರ್ ಸ್ಪೆಕ್ಟ್ರಮ್ ಬಂತು. 16 ಕಿಲೋಬೈಟಿನದ್ದು 125 ಪೌಂಡ್, 48ರದ್ದು 175. ಬಣ್ಣ ಇತ್ತು. ಶಬ್ದ ಇತ್ತು, ಕೀರಲು ಬೀಪ್ ಆದರೂ ಶಬ್ದವೇ. ಮೆಮೊರಿ ಇತ್ತು. ಅಂದ್ರೆ ಕ್ವಿಕ್‌ಸಿಲ್ವಾ ಬೋರ್ಡುಗಳು ಏನೇನು ಕೊಡ್ತಿದ್ದವೋ ಅದೆಲ್ಲ ಈಗ ಒಳಗೇ ಬಂದುಬಿಟ್ಟಿತ್ತು.

'ಇನ್ನು ನಿಮ್ಮ ಡಬ್ಬಿ ಯಾರು ತಗೋತಾರೆ?' ಸೌತಾಂಪ್ಟನ್‌ನಲ್ಲೂ ಯಾರೋ ಒಬ್ಬ ಡೀಲರ್ ಬೆಳಗ್ಗೆ ಎಂಟಕ್ಕೆ ಫೋನ್ ಮಾಡಿರಬಹುದು ಅನಿಸಿ ಕತ್ತಲಲ್ಲಿ ನಗು ಬಂತು.

ಆದರೆ ಅವರ ಹತ್ತಿರ ಆಟ ಇತ್ತು. ಕ್ವಿಕ್‌ಸಿಲ್ವಾ ಪೂರ್ತಿ ಆಟದ ಕಡೆ ತಿರುಗಿತು. ತಾವೇ ಬರೆಯೋದರ ಜೊತೆಗೆ ಬೇರೆಯವರು ಮನೆಯಲ್ಲಿ ಕೂತು ಬರೆದ ಆಟಗಳನ್ನ ಕೊಂಡು, ಕ್ಯಾಸೆಟ್ಟಿಗೆ ಹಾಕಿ, ಮೇಲೆ ಚಂದದ ಪೇಂಟಿಂಗ್ ಹಾಕಿ ಮಾರೋಕೆ ಶುರು ಮಾಡಿದರು. 1983ರಲ್ಲಿ ಬಂದ 'ಆಂಟ್ ಅಟ್ಯಾಕ್' ಅವರ ದೊಡ್ಡ ಹೆಸರು. ಬರೆದವರು ಸ್ಯಾಂಡಿ ವೈಟ್, ಕಂಪ್ಯೂಟರ್ ಓದಿದವರಲ್ಲ, ಶಿಲ್ಪ ಕಲಿತವರು. ಮರುಭೂಮಿಯಲ್ಲಿ ಗೋಡೆ ಕಟ್ಟಿದ ಒಂದು ಊರು, ಇಟ್ಟಿಗೆ ಜೋಡಿಸಿದ ಹಾಗೆ ಮೂರು ಆಯಾಮದಲ್ಲಿ. ಒಳಗೆ ದೈತ್ಯ ಇರುವೆಗಳು. ಸಿಕ್ಕಿಹಾಕಿಕೊಂಡವರನ್ನ ಬಿಡಿಸಿ ತರಬೇಕು. ಆಟ ಶುರುವಾಗುವಾಗಲೇ ಕೇಳುತ್ತೆ: ನೀವು ಹುಡುಗನೋ, ಹುಡುಗಿಯೋ? ಹುಡುಗಿ ಅಂದ್ರೆ ನೀವು ಹೋಗಿ ಹುಡುಗನನ್ನ ಬಿಡಿಸಬೇಕು! 1983ರಲ್ಲಿ. ಅದೇ ವರ್ಷ ಸ್ಪೇನಿನ ಇಬ್ಬರು ಹುಡುಗರು ಬರೆದ 'ಬುಗಾಬೂ' ಅನ್ನೋ ಚಿಗಟದ ಆಟವನ್ನೂ ಇವರೇ ಇಂಗ್ಲೆಂಡಿನಲ್ಲಿ ತಂದರು.

ಬೋರ್ಡ್ ಮಾರೋದು ಬಿಟ್ಟವರು ಇರುವೆ, ಚಿಗಟದಿಂದ ಬದುಕಿದರು ಅನ್ನಿ.

ಬೆಳಗ್ಗೆ ಶೆಡ್ಡಿಗೆ ಹೋಗಿ ಪ್ರಸಾದನಿಗೆ ಈ ಕತೆ ಹೇಳಿದೆ. ಒಂದೇ ಉಸಿರಿಗೆ. ಕೊನೆಗೆ "ಅದಕ್ಕೇ, ಬೋರ್ಡ್ ನಿಲ್ಲಿಸೋಣ" ಅಂದೆ.

ಅವನು ಬೆಸುಗೆ ಕಡ್ಡಿ ಸ್ಟ್ಯಾಂಡಿನಲ್ಲಿ ಇಟ್ಟ. "ಮಾರಾಯ್ತಿ, ನೀನು ಕೋಡ್ ಬರೆಯೋಳು. ನಿಂಗೆ ಹೇಳೋದು ಸುಲಭ. ಬೋರ್ಡ್ ನಿಲ್ಸಿದ್ರೆ ನಾ ಇಲ್ಲಿ ಎಂತ ಮಾಡ್ಲಿ? ಮಾವನ ಸ್ಕೂಟರ್ ಒರೆಸ್ಲಾ?"

ನನಗೆ ಅದು ಹೊಳೆದೇ ಇರಲಿಲ್ಲ. ರಾತ್ರಿಯಿಡೀ ಓದಿದ ಕತೆಯಲ್ಲಿ ನಾನು ಕಂಪನಿಯನ್ನ ಮಾತ್ರ ನೋಡಿದ್ದೆ. ಸಾಗರದಿಂದ ಬಂದು, ಒಳ್ಳೆ ಸಂಬಳ ಬಿಟ್ಟು, ಮೂರು ವರ್ಷ ಒಂದೊಂದು ಬೋರ್ಡನ್ನೂ ಕೈಯಲ್ಲಿ ಮುಟ್ಟಿ ಕಳಿಸಿದವನು ಎದುರಿಗೇ ಕೂತಿದ್ದ. ಅವನ ಲೆಕ್ಕ ಬೇರೆ ಇತ್ತು: ಬೋರ್ಡನ್ನ ಇನ್ನೂ ಚಿಕ್ಕದು ಮಾಡೋಣ, ಬೆಲೆ ಅರ್ಧ ಮಾಡೋಣ, ಹಳೇ ತಕ್ಕಡಿ ಇನ್ನೂ ಹತ್ತು ವರ್ಷ ಇರ್ತವೆ. ಅದೂ ಸುಳ್ಳಲ್ಲ. ಮಾತಿಗೆ ಮಾತು ಬೆಳೆದು, ಆ ವಾರ ಪೂರ್ತಿ ಡಿಪ್ಲೊಮಾ ಹುಡುಗನ ಮೂಲಕ ಮಾತಾಡಿದ್ವಿ. "ಅಣ್ಣ, ಅಕ್ಕ ಕೇಳ್ತಿದಾರೆ, ಕೊರಿಯರ್ ಆಯ್ತಾ ಅಂತ." ಪಾಪ ಹುಡುಗ.

ಮನೆಯಲ್ಲಿ ಅಮ್ಮ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಆ ಮೌನದ ವಾರದಲ್ಲಿ ನಾನು ಕತೆಯ ಉಳಿದ ಭಾಗ ಓದಿದೆ. ಮೊದಲ ರಾತ್ರಿ ಬೇಕಾದಷ್ಟನ್ನೇ ಓದಿ ನಿಲ್ಲಿಸಿದ್ದೆನಲ್ಲ. 1984ರಲ್ಲಿ ಕ್ವಿಕ್‌ಸಿಲ್ವಾವನ್ನ ಆರ್ಗಸ್ ಪ್ರೆಸ್ ಅನ್ನೋ ಪ್ರಕಾಶನ ಸಂಸ್ಥೆ ಕೊಂಡುಕೊಂಡಿತು. ಹೆಸರು ಇನ್ನೂ ಕೆಲವು ವರ್ಷ ಕ್ಯಾಸೆಟ್ ಮೇಲೆ ಉಳಿಯಿತು, ಊರಿನ ಹುಡುಗರ ಕಂಪನಿ ಮಾತ್ರ ಉಳಿಯಲಿಲ್ಲ. ಅಜ್ಜ 'ಇಲ್ಲೇ ಇದ್ದರು' ಅಂದಿದ್ದು ಅದಕ್ಕೇ. ನಡೆಸಿದವರಲ್ಲಿ ಒಬ್ಬರಾದ ರಾಡ್ ಕಸಿನ್ಸ್ ಮರುವರ್ಷ ಅದೇ ಸೌತಾಂಪ್ಟನ್‌ನಲ್ಲಿ ಎಲೆಕ್ಟ್ರಿಕ್ ಡ್ರೀಮ್ಸ್ ಅಂತ ಇನ್ನೊಂದು ಆಟದ ಕಂಪನಿ ಕಟ್ಟಿದರು.

ಅದೇ 1984ರ ಜುಲೈನಲ್ಲಿ ಲಿವರ್‌ಪೂಲ್‌ನ ಇಮ್ಯಾಜಿನ್ ಅನ್ನೋ ಆಟದ ಕಂಪನಿ ದಿವಾಳಿ ಎದ್ದಿತು. ದೊಡ್ಡ ಆಫೀಸು, ದುಬಾರಿ ಕಾರು, ಇನ್ನೂ ಮುಗಿಯದ ಆಟಕ್ಕೆ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು. ಯಶಸ್ಸಿನ ಕತೆ ಅಂತ ಚಿತ್ರ ತೆಗೆಯೋಕೆ ಬಿಬಿಸಿಯವರು ಕ್ಯಾಮೆರಾ ಹಿಡಿದು ಬಂದಿದ್ದರು, ಕ್ಯಾಮೆರಾ ಎದುರಿಗೇ ಬಾಗಿಲು ಮುಚ್ಚಿತು. ಅಂದ್ರೆ 'ಬೋರ್ಡ್ ಬಿಟ್ಟು ಆಟ ಹಿಡಿದರೆ ಗೆಲುವು' ಅನ್ನೋ ನನ್ನ ಪಾಠ ಅರ್ಧಂಬರ್ಧ. ಬರೀ ಆಟ ಮಾಡಿದೋರೂ ಮುಳುಗಿದ್ದರು.

ಇನ್ನೊಂದು ಕಡೆ ಕೆಂಪ್‌ಸ್ಟನ್. ಇದು ಪ್ರಸಾದನ ಕಡೆಯ ಸಾಕ್ಷಿ. ಸ್ಪೆಕ್ಟ್ರಮ್‌ನಲ್ಲಿ ಬಣ್ಣ, ಶಬ್ದ ಎಲ್ಲ ಬಂತು, ಆದರೆ ಜಾಯ್‌ಸ್ಟಿಕ್ ಚುಚ್ಚೋಕೆ ಜಾಗ ಇರಲಿಲ್ಲ. ಹಳೇ ಕೊರತೆ ತುಂಬಿತು, ಹೊಸದೊಂದು ಬಾಯಿ ಬಿಟ್ಟಿತು. ಬೆಡ್‌ಫರ್ಡ್‌ಶೈರ್‌ನ ಕೆಂಪ್‌ಸ್ಟನ್ ಅನ್ನೋ ಊರಿನ ಒಂದು ಸಣ್ಣ ಕಂಪನಿ, ಊರಿನದೇ ಹೆಸರು, ಅದಕ್ಕೊಂದು ಡಬ್ಬಿ ಮಾಡಿತು. ಒಳಗೆ ದೊಡ್ಡ ವಿದ್ಯೆ ಏನಿಲ್ಲ. ಕಂಪ್ಯೂಟರ್ 31ನೇ ನಂಬರಿನ ಪೋರ್ಟನ್ನ ಓದಿದರೆ ಐದು ಬಿಟ್‌ಗಳಲ್ಲಿ ಉತ್ತರ: ಬಲ, ಎಡ, ಕೆಳಗೆ, ಮೇಲೆ, ಗುಂಡು. ಅಷ್ಟು ಸರಳ ಇದ್ದದ್ದಕ್ಕೇ ಆಟ ಬರೆಯೋರಿಗೆ ಹಿಡಿಸಿತು. ಆಟಗಳ ಮೊದಲ ಪರದೆಯಲ್ಲಿ 'ಕೀಬೋರ್ಡ್, ಕೆಂಪ್‌ಸ್ಟನ್' ಅಂತ ಆಯ್ಕೆ ಬರೋದು ಮಾಮೂಲಾಯ್ತು. 1986ರಲ್ಲಿ ಸಿಂಕ್ಲೇರ್ ಕಂಪ್ಯೂಟರುಗಳನ್ನ ಆ್ಯಮ್‌ಸ್ಟ್ರಾಡ್ 50 ಲಕ್ಷ ಪೌಂಡಿಗೆ ಕೊಂಡಿತು, ಅವರು ತಂದ ಹೊಸ ಸ್ಪೆಕ್ಟ್ರಮ್‌ನಲ್ಲಿ ಜಾಯ್‌ಸ್ಟಿಕ್ ಜಾಗ ಒಳಗೇ ಇತ್ತು. ಆ ಬಾಯಿಯೂ ಮುಚ್ಚಿತು. ಆದರೆ ಇವತ್ತು ನಿಮ್ಮ ಫೋನಿನಲ್ಲಿ ಹಳೇ ಸ್ಪೆಕ್ಟ್ರಮ್ ಆಟ ಆಡಿಸೋ ಆ್ಯಪ್ ಹಾಕ್ಕೊಂಡು ಸೆಟ್ಟಿಂಗ್ಸ್ ತೆರೆದರೆ ಆ ಹೆಸರು ಸಿಗುತ್ತೆ. ಡಬ್ಬಿ ಹೋಗಿದೆ, ಐದು ಬಿಟ್ ಉಳಿದಿದೆ.

ಪ್ರಸಾದನಿಗೆ ಇದನ್ನ ಹೇಳೋಕೆ ಧೈರ್ಯ ಬರಲಿಲ್ಲ. ಮೆಸೇಜ್ ಹಾಕಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಮರುದಿನ ಬೆಳಗ್ಗೆ ಆರಕ್ಕೆ ಒಂದು ಸಾಲು: "ತಿಪಟೂರಿಗೆ ಹೋಪನ? ಎರಡು ಡಬ್ಬಿ ರಿಪೇರಿ ಇದ್ದು."

ಹೋದ್ವಿ. ದಾರೀಲಿ ಹೆಚ್ಚು ಮಾತಿಲ್ಲ. ಅಂಗಡಿಯವರು ಹೊಸ ತಕ್ಕಡಿ ತಂದಿಟ್ಟಿದ್ದರು. ಚೆನ್ನಾಗೇ ಇತ್ತು, ನಾನೂ ಮೆಚ್ಚಿದೆ. ನಮ್ಮ ಡಬ್ಬಿ ಕಚ್ಚಿದ ಹಳೇ ತಕ್ಕಡಿ ಮೂಲೆಯಲ್ಲಿತ್ತು. ಪ್ರಸಾದ ಅದರ ಮುಂದೆ ಮಂಡಿಯೂರಿ ಕೂತ.

ಅಷ್ಟರಲ್ಲಿ ಒಬ್ಬ ಅಜ್ಜಿ ಮೊಮ್ಮಗನ ಜೊತೆ ಟಿವಿಎಸ್‌ನಲ್ಲಿ ಎರಡು ಚೀಲ ಕೊಬ್ಬರಿ ತಂದರು. ಹೊಸ ತಕ್ಕಡಿಯಲ್ಲಿ ತೂಕ ಆಯ್ತು, ಫೋನಿನಲ್ಲಿ ಇಂಗ್ಲಿಷಿನಲ್ಲಿ ಬಂತು. ಅಜ್ಜಿ ಕಾಯ್ತಾ ನಿಂತರು.

"ಚೀಟಿ?"

"ಇದ್ರಲ್ಲಿ ಬರಲ್ಲ ಕಣವ್ವ, ಮೊಬೈಲಿಗೆ ಬರುತ್ತೆ" ಅಂದರು ಅಂಗಡಿಯವರು.

"ನಂಗ್ಯಾವ ಮೊಬೈಲು?" ಅಂದ ಅಜ್ಜಿ ಸೊಂಟದ ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದರಲ್ಲಿ ರೇಷನ್ ಕಾರ್ಡ್, ಆಧಾರ್, ಮತ್ತೆ ನಮ್ಮ ಚೀಟಿಗಳು. ಮಡಚದೆ, ಒಂದರ ಮೇಲೊಂದು. ಕೆಲವು ಬಿಸಿಲಿಗೆ ಅಕ್ಷರ ಹಾರಿ ಬೆಳ್ಳಗಾಗಿದ್ದವು. ಆ ಬೆಳ್ಳಗಿನವನ್ನೂ ಅಜ್ಜಿ ಬಿಸಾಕಿರಲಿಲ್ಲ. ನಾನು ಈ ಡಬ್ಬಿ ಮಾಡಿದವಳು ಅಂತ ಗೊತ್ತಾದಾಗ ಕೇಳಿದರು: "ವರ್ಷ ಪೂರ್ತಿದು ಕೂಡ್ಸಿ ಒಂದೇ ಚೀಟೀಲಿ ಕೊಡಕಾಗಲ್ವೇನವ್ವ? ಮಗ ಲೆಕ್ಕ ಕೇಳ್ತಾನೆ, ನಂಗೆ ಓದಕ್ಕೆ ಬರುತ್ತೆ, ಕೂಡಕ್ಕೆ ಬರಲ್ಲ."

ತೆಂಗಿನಕಾಯಿ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಕೂತರೆ ಉಂಡೆ ಕೊಬ್ಬರಿ. ವರ್ಷದ ಕಾಯುವಿಕೆಯ ಪುರಾವೆ ಅಂತ ಆಕೆಯ ಕೈಗೆ ಬರೋದು ಎರಡಿಂಚಿನ ಕಾಗದ. ನಾವು ಮೂರು ವರ್ಷ ಡಬ್ಬಿ ಮಾರ್ತಿದ್ದೀವಿ ಅಂದುಕೊಂಡಿದ್ವಿ. ಇಲ್ಲಿ ನೋಡಿದರೆ ಜನ ಇಟ್ಟುಕೊಂಡಿದ್ದು ಚೀಟಿ.

ಪ್ರಸಾದ ರಿಪೇರಿ ನಿಲ್ಲಿಸಿ ಇದನ್ನೆಲ್ಲ ಕೇಳಿಸಿಕೊಳ್ತಿದ್ದ. ಎದ್ದು ಬಂದು ಹೊಸ ತಕ್ಕಡಿಯನ್ನ ಸುತ್ತ ನೋಡಿದ. "ಇದು ಬ್ಲೂಟೂತ್‌ನಲ್ಲಿ ಎಂತ ಕಳಿಸ್ತು ಅಂತ ಒಂದ್ಸಲ ಓದಿ ನೋಡ್ಲಾ?" ಅಂತ ಅಂಗಡಿಯವರನ್ನ ಕೇಳಿದ. ಲ್ಯಾಪ್‌ಟಾಪ್ ತೆಗೆದ. ಬಾಳೆಹಣ್ಣು, ಟೀ, ಮತ್ತೆ ಟೀ. ಸಂಜೆ ಐದಕ್ಕೆ ಹೊಸ ತಕ್ಕಡಿಯ ತೂಕ ನಮ್ಮ ಹಳೇ ಪ್ರಿಂಟರಿನಲ್ಲಿ ಕನ್ನಡದಲ್ಲಿ ಬಂತು. ಸೀಲ್ ಮುಟ್ಟಿಲ್ಲ, ಡಬ್ಬಿ ಕಚ್ಚಿಸಿಲ್ಲ. ಬರುವಾಗ ಕೆಬಿ ಕ್ರಾಸ್‌ನಲ್ಲಿ ಕಾಫಿ ಕುಡೀತಾ ಅವನೇ ಅಂದ: "ಬೋರ್ಡ್ ನಿಲ್ಸುವ. ಆದ್ರೆ ಹಳೇ ತಕ್ಕಡಿ ಇದ್ದವರಿಗೆ ಇರೋ ಸ್ಟಾಕ್ ಖಾಲಿ ಆಗೋವರೆಗೂ ರಿಪೇರಿ ಮಾಡಿಕೊಡುವ. ಅದು ಮಾತ್ರ ಬಿಡೋದಲ್ಲ."

ಈಗ ಒಂದು ವರ್ಷ ಆಗ್ತಾ ಬಂತು. ಯಾವ ತಕ್ಕಡಿಯಾದರೂ ಸರಿ, ಚೀಟಿ ನಮ್ಮದು. ವರ್ಷದ ಕೊನೆಗೆ ಕೂಡಿಸಿದ ಲೆಕ್ಕದ ಚೀಟಿಯೂ ಇದೆ. ಅಕ್ಷರ ಬೇಗ ಹಾರದ ಕಾಗದಕ್ಕೆ ಸ್ವಲ್ಪ ಜಾಸ್ತಿ ದುಡ್ಡು ಹೋಗುತ್ತೆ, ಹೋಗಲಿ. ಅಂಗಡಿಯವರು ತಿಂಗಳಿಗಿಷ್ಟು ಅಂತ ಕೊಡ್ತಾರೆ, ಕೆಲವರು ಎರಡು ತಿಂಗಳಿಗೊಮ್ಮೆ, ಕೆಲವರು ನೆನಪಿಸಿದಾಗ. ದೊಡ್ಡ ಕಂಪನಿ ನಾಳೆ ಇದನ್ನೂ ಒಳಗೇ ತರಬಹುದು. ತರ್ತಾರೆ ಅಂತಲೇ ಇಟ್ಕೊಳ್ಳಿ. ಆಗ ಮತ್ತೆ ಒಂದು ದಿನ ಯಾವುದಾದರೂ ಅಂಗಡಿಯಲ್ಲಿ ಹೋಗಿ ನಿಂತು ನೋಡಬೇಕು, ಜನ ಏನನ್ನ ಕೇಳಿ ಪಡೀತಿದಾರೆ ಅಂತ. ಈ ಸಲ ಅದನ್ನ ಮೊದಲೇ ಮಾಡ್ತೀನಿ. ಪ್ರಸಾದನ ಜೊತೆ ಜಗಳ ಆಡೋದು ಆಮೇಲೆ.

ಹೋದ ತಿಂಗಳು ಅಮ್ಮನ ಎರಡು ಬಳೆ ಬ್ಯಾಂಕಿನಿಂದ ಬಿಡಿಸಿ ತಂದೆ. ಅಮ್ಮ ಅವನ್ನ ಹಾಕ್ಕೊಂಡು, ಮಧ್ಯೆ ಹಸಿರು ಗಾಜಿನ ಬಳೆ ಸೇರಿಸಿ, ಕೈ ಅಲ್ಲಾಡಿಸಿ ಶಬ್ದ ಕೇಳಿಸಿಕೊಂಡಳು. ಉಳಿದೆರಡು ಯಾವಾಗ ಅಂತ ಕೇಳಲಿಲ್ಲ. ಕೇಳೋ ಮೊದಲೇ ತರಬೇಕು ಅಂತ ನನ್ನಾಸೆ.